ಮೂತಿಯಿಲ್ಲದ ಗಾಡಿ

ಬಿಬ್ವೇವಾಡಿ, ಪುಣೆ
18 ಜೂನ್ 1995

ಪ್ರೀತಿಯ ತಂಗಿ ಹರಿಣಾಕ್ಷಿಗೆ ಪ್ರೇಮಕ್ಕನ ಆಶೀರ್ವಾದ.

ನಾವೆಲ್ಲ ಕ್ಷೇಮ. ನೀನೂ ಭುಜಂಗರೂ ಶಿರ್ವದಲ್ಲಿ ಆರೋಗ್ಯದಿಂದ ಇದ್ದೀರೆಂದು ನಂಬಿದ್ದೇನೆ. ಈ ಸಲ ಒಂದು ದೊಡ್ಡ ಸುದ್ದಿ ಉಂಟು. ನಿನ್ನ ಭಾವ ವ್ಯಾನು ತೆಗೆದುಕೊಂಡಿದ್ದಾರೆ. ಬಿಳಿ ಬಣ್ಣದ ಮಾರುತಿ ವ್ಯಾನು. ಮಾರ್ಕೆಟ್ ಯಾರ್ಡಿನಿಂದ ಹೋಟೆಲಿಗೆ ತರಕಾರಿ ತರಲು ಬೇಕಿತ್ತು ಎಂದು ಕಂಡವರಿಗೆಲ್ಲ ಹೇಳುತ್ತಿದ್ದಾರೆ. ಆದರೆ ಅವರಿಗೆ ಗಲ್ಲಾಪೆಟ್ಟಿಗೆ ಬಿಟ್ಟು ಏಳಲು ಪುರುಸೊತ್ತೆಲ್ಲಿ? ಓಡಿಸುವವಳು ನಾನು!

ನಗಬೇಡ ಮಾರಾಯ್ತಿ. ಸೈಕಲ್ ಕಲಿಯುವಾಗ ಬೆಳ್ಮಣ್ಣಿನ ತೋಡಿನ ನೀರಿಗೆ ಬಿದ್ದ ಪ್ರೇಮಕ್ಕ ಈಗ ಸ್ವಾರಗೇಟಿನ ಬಸ್ಸುಗಳ ನಡುವೆ ವ್ಯಾನು ತೂರಿಸುತ್ತಾಳೆ. ಕಲಿಸುವವರು ಧರ್ಮರಾಜ ಅಂತ. ಯಾದಗಿರಿ ಕಡೆಯವರು, ಕಟ್ಟಡದ ಕಂಪನಿಯಲ್ಲಿ ಲಾರಿ ಡ್ರೈವರು, ನಮ್ಮ ಹೋಟೆಲಿನ ಹಿಂದಿನ ಚಾಳಿನಲ್ಲಿ ಸಂಸಾರ. ಮೊದಲ ದಿನ ನಾನು ಒಂದು ಕೈಗಾಡಿಗೆ ತಾಗಿಸುವುದರಲ್ಲಿದ್ದೆ. ಅವರು ಬ್ರೇಕಿನ ಮೇಲೆ ತಮ್ಮ ಕಾಲಿಟ್ಟು ಹೇಳಿದರು, “ಅಕ್ಕಾರ, ಈ ಗಾಡಿಗೆ ಮುಂದ ಮೂತಿ ಇಲ್ಲರಿ. ನಿಮ್ಮ ಮಣಕಾಲೇ ಬಂಪರ್ ಅಂತ ತಿಳ್ಕೋರಿ. ಮಣಕಾಲು ಉಳಿಸ್ಕೊಂಡ್ರ ಗಾಡೀನೂ ಉಳೀತದ.”

ನಿಜವೇ. ಬೇರೆ ಕಾರುಗಳಲ್ಲಿ ಎಂಜಿನ್ನು ಮುಂದೆ ಇರುತ್ತದೆ. ಇದರಲ್ಲಿ ಅದು ನಮ್ಮ ಸೀಟಿನ ಅಡಿಯಲ್ಲಿ. ಅರ್ಧ ಗಂಟೆ ಓಡಿಸಿದರೆ ಕಾವಲಿಯ ಮೇಲೆ ಕುಳಿತ ಹಾಗಾಗುತ್ತದೆ. ಲೂನಾ ಮೊಪೆಡ್ ಓಡಿಸುತ್ತಿದ್ದಾಗ ಸಂದಿ ಕಂಡಲ್ಲೆಲ್ಲ ನುಗ್ಗುತ್ತಿದ್ದೆ. ಈಗ ಒಂದು ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ತಿರುಗಿದ ಹಾಗೆ. ಇದರ ಹಿಂಭಾಗ ಎಲ್ಲಿ ಮುಗಿಯುತ್ತದೆ ಎಂದು ಇನ್ನೂ ನನ್ನ ತಲೆಗೆ ಹೋಗಿಲ್ಲ.

ಸುಹಾಸನಿಗೆ ಹನ್ನೊಂದು ತುಂಬಿತು. ಉದ್ದ ಆಗಿದ್ದಾನೆ, ಲೂನಾದಲ್ಲಿ ನಾವಿಬ್ಬರೂ ಹಿಡಿಸುವುದಿಲ್ಲ. ಅದಕ್ಕೂ ಆಯಿತು ಈ ವ್ಯಾನು. ಕಾಲಿನ ಶಕ್ತಿ ಸ್ವಲ್ಪ ಕಡಿಮೆ ಎಂದು ನಿನಗೆ ಗೊತ್ತಿದ್ದದ್ದೇ. ಬೆಳೆಯುತ್ತಾ ಸರಿಯಾಗುತ್ತದೆ. ಭವ್ಯಶ್ರೀ ಎರಡನೆಯ ಕ್ಲಾಸು, ಬಾಯಿ ಮಾತ್ರ ಹತ್ತನೆಯ ಕ್ಲಾಸು. ಅಮ್ಮನನ್ನು ನೋಡಲು ಬೆಳ್ಮಣ್ಣಿಗೆ ಹೋದಾಗ ವ್ಯಾನಿನ ಸುದ್ದಿ ಹೇಳು.

ನಿನ್ನ
ಪ್ರೇಮಕ್ಕ


ಶಿರ್ವ
6 ಜುಲೈ 1995

ಪ್ರೀತಿಯ ಅಕ್ಕನಿಗೆ ಹರಿಣಾಕ್ಷಿಯ ನಮಸ್ಕಾರ.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಮೊದಲು ನಕ್ಕಳು, ಆಮೇಲೆ ಅತ್ತಳು. ಸದಾನಂದ ಭಾವ ಊರು ಬಿಡುವಾಗ ಕಾಲಿಗೆ ಚಪ್ಪಲಿ ಇರಲಿಲ್ಲವಂತೆ, ಈಗ ನೋಡು ಎಂದಳು. ಈಗ ಬೆಳ್ಮಣ್ಣಿನಲ್ಲಿ ಇದೇ ಮಾತು. ಪೂನಾದ ಹೋಟೆಲು ಭಾರೀ ಚೆನ್ನಾಗಿ ನಡೆಯುತ್ತದಂತೆ, ಹೆಂಡತಿಗೇ ಬೇರೆ ಗಾಡಿಯಂತೆ! ನಮ್ಮ ಅತ್ತೆ ಕೂಡ ನಾಲ್ಕು ಜನರ ಮುಂದೆ ನಿನ್ನ ಸುದ್ದಿ ತೆಗೆದು ನನ್ನನ್ನು ಕುಳ್ಳಿರಿಸಿ ಮಾತಾಡಿಸಿದರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಇಷ್ಟು ಮರ್ಯಾದೆ ನನಗೆ ಸಿಕ್ಕಿರಲಿಲ್ಲ.

ನಿನಗೆ ಎಲ್ಲ ಉಂಟು ಅಕ್ಕ. ಗಂಡು ಉಂಟು, ಹೆಣ್ಣು ಉಂಟು, ಈಗ ವ್ಯಾನೂ ಆಯಿತು. ನಾನು ಹೇಳದ ಹರಕೆಯಿಲ್ಲ. ಇರಲಿ ಬಿಡು. ಸುಹಾಸನ ಕಾಲಿಗೆ ಅಮ್ಮ ಎಣ್ಣೆ ಕಾಯಿಸಿ ಕಳಿಸುತ್ತಾಳೆ. ದಿನಾ ತಿಕ್ಕಿ ಬಿಸಿನೀರು ಹೊಯ್ಯಬೇಕಂತೆ. ಲೂನಾ, ವ್ಯಾನು ಅಂತ ಕೂರಿಸಿಕೊಂಡು ತಿರುಗಿದರೆ ಮಕ್ಕಳ ಕಾಲಿಗೆ ಬಲ ಬರುವುದಾದರೂ ಹೇಗೆ? ಸ್ವಲ್ಪ ನಡೆಸು. ಪೇಟೆಯ ಮಕ್ಕಳು ಸೋಮಾರಿಗಳು.

ದೀಪಾವಳಿಗೆ ಅದರಲ್ಲೇ ಬನ್ನಿ. ನಮ್ಮ ಅಂಗಳದಲ್ಲಿ ನಿಲ್ಲಿಸಲು ಜಾಗ ಉಂಟು.

ನಿನ್ನ ತಂಗಿ
ಹರಿಣಾಕ್ಷಿ


ಪುಣೆ
20 ನವೆಂಬರ್ 1995

ಪ್ರೀತಿಯ ಹರಿಣಾಕ್ಷಿಗೆ ಆಶೀರ್ವಾದ.

ನಿನಗೆ ಎರಡು ತಿಂಗಳೆಂದು ಅಮ್ಮನ ಕಾಗದ ಮೊನ್ನೆ ಬಂತು. ನಾನು ಎಷ್ಟು ಕುಣಿಯಬೇಕಿತ್ತು. ಕಾಗದ ಹಿಡಿದುಕೊಂಡು ಅಡುಗೆಮನೆಯ ನೆಲದಲ್ಲಿ ಕುಳಿತುಬಿಟ್ಟೆ. ಯಾಕೆಂದು ಹೇಳಬೇಕು. ಇದನ್ನು ನೀನೊಬ್ಬಳೇ ಓದು.

ಲೂನಾ ಬಿಟ್ಟದ್ದು ಸುಹಾಸ ಉದ್ದ ಆದದ್ದಕ್ಕಲ್ಲ. ಮಾರ್ಚಿನಲ್ಲಿ ಒಂದು ದಿನ ಶಾಲೆಗೆ ಹೋಗುವಾಗ ಸಿಗ್ನಲು ಬಿಟ್ಟಿತು, ನಾನು ಹೊರಟೆ. ಹಿಂದಿನಿಂದ ಒಬ್ಬ ರಿಕ್ಷಾದವನು “ಅಹೋ ತಾಯಿ, ಮುಲಗಾ ಪಡಲಾ!” ಎಂದು ಕೂಗಿದ, ಹುಡುಗ ಬಿದ್ದನೆಂದು. ತಿರುಗಿ ನೋಡಿದರೆ ಸುಹಾಸ ರಸ್ತೆಯ ನಡುವೆ ಕುಳಿತಿದ್ದ. ನನ್ನ ಸೊಂಟ ಹಿಡಿದುಕೊಳ್ಳುವಷ್ಟೂ ಬಲ ಅವನ ಕೈಯಲ್ಲಿರಲಿಲ್ಲ. ಅವನು ಕೈಬಿಟ್ಟದ್ದು ನನಗೆ ಗೊತ್ತಾಗಲೇ ಇಲ್ಲ. ಬಸ್ಸಿನವನು ಬ್ರೇಕ್ ಹಾಕಿದ್ದರಿಂದ ಉಳಿದ. ಏಪ್ರಿಲಿನಿಂದ ಅವನು ನಡೆಯುವುದಿಲ್ಲ. ವ್ಯಾನು ತಂದದ್ದು ಅವನಿಗಾಗಿ. ತರಕಾರಿಗೆ ಎಂದು ನಿನ್ನ ಭಾವ ಹೇಳುವುದು, ನಿಜ ಹೇಳಲು ಅವರಿಗೆ ಬಾಯಿ ಬಾರದೆ. ಅವರು ಇನ್ನೂ ಅದರ ಹಿಂದೆ ಕುಳಿತು ನೋಡಿಲ್ಲ. ನಾವು ಹೊರಡುವಾಗ ಒಳಗೆ ಹೋಗಿಬಿಡುತ್ತಾರೆ.

ಹಿಂದಿನ ಸೀಟು ತೆಗೆಸಿದ್ದೇನೆ. ಎರಡು ಹಲಗೆ ಇಟ್ಟು ಗಾಲಿಕುರ್ಚಿಯನ್ನು ಹಾಗೆಯೇ ಮೇಲಕ್ಕೆ ತಳ್ಳಿ ಹಗ್ಗದಿಂದ ಬಿಗಿಯುತ್ತೇನೆ. ಧರ್ಮರಾಜರೇ ಕೊಂಡಿ ಮಾಡಿಸಿ ಕೊಟ್ಟರು.

ಈಗ ಮುಖ್ಯ ಮಾತು. ಬೊಂಬಾಯಿಯ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಇದು ಮಾಂಸಖಂಡಗಳೇ ಸವೆಯುತ್ತಾ ಹೋಗುವ ಕಾಯಿಲೆ. ಎಣ್ಣೆಯಿಂದಲೂ ಗುಣವಿಲ್ಲ, ಮಾತ್ರೆಯಿಂದಲೂ ಇಲ್ಲ. ಬರುವುದು ಗಂಡುಮಕ್ಕಳಿಗೆ, ದಾಟಿಸುವುದು ತಾಯಿ. ತಾಯಿಗೆ ಏನೂ ಆಗುವುದಿಲ್ಲ. “ನಿಮಗೆ ತಂಗಿಯರಿದ್ದಾರಾ?” ಎಂದು ಡಾಕ್ಟರು ಕೇಳಿದರು. ಇದ್ದಾಳೆ, ಮಕ್ಕಳಿಲ್ಲ ಎಂದೆ. “ಮಕ್ಕಳಾಗುವ ಮೊದಲು ಅವರು ಒಮ್ಮೆ ಇಲ್ಲಿಗೆ ಬರಲಿ” ಎಂದರು. ಅದೇ ವಾರ ಅಮ್ಮನ ಕಾಗದ. ಅಮ್ಮನ ತಮ್ಮ ಐತಪ್ಪ ಮಾಮ ನೆಲದಲ್ಲಿ ತೆವಳುತ್ತಿದ್ದ, ಮೀಸೆ ಬರುವ ಮೊದಲೇ ತೀರಿಕೊಂಡ ಎನ್ನುತ್ತಿದ್ದರಲ್ಲ, ಅದು ದೈವದ ಮುನಿಸಲ್ಲ. ಇದೇ.

ನಿನಗೆ ಇರಲೇಬೇಕೆಂದಿಲ್ಲ. ಹೆಣ್ಣಾದರೆ ಹೆದರಿಕೆಯೂ ಇಲ್ಲ. ಆದರೆ ಈಗಲೇ ಬಾ, ರಕ್ತ ಪರೀಕ್ಷೆ ಮಾಡಿಸುವ. ನಾನೇ ಬೊಂಬಾಯಿಗೆ ಕರೆದುಕೊಂಡು ಹೋಗುತ್ತೇನೆ. ತಡ ಮಾಡಬೇಡ.

ನಿನ್ನ
ಪ್ರೇಮಕ್ಕ


ಶಿರ್ವ
15 ಡಿಸೆಂಬರ್ 1995

ಪ್ರೇಮಾವತಿ ಅಕ್ಕನವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ನಾನು ಗುಡ್ಡೆಗೆ ಸೊಪ್ಪಿಗೆ ಹೋಗಿದ್ದೆ. ಅಂಚೆಯವನು ಅತ್ತೆಯ ಕೈಗೆ ಕೊಟ್ಟ. ಅವರು ಮಾವನ ಹತ್ತಿರ ಓದಿಸಿ ಕೇಳಿದರು. ನಾನು ಹೊರೆ ಇಳಿಸಿ ಒಳಗೆ ಬರುವಾಗ ಇಡೀ ಮನೆ ನನ್ನ ಹೊಟ್ಟೆಯನ್ನೇ ನೋಡುತ್ತಿತ್ತು.

ಅಮ್ಮನ ಮನೆತನದ್ದು ಕೆಟ್ಟ ರಕ್ತ ಎಂದು ಈಗ ಇಲ್ಲಿ ದಿನಕ್ಕೊಮ್ಮೆ ಹೇಳುತ್ತಾರೆ. ನಾಲ್ಕು ವರ್ಷ ಕಾದು ಬಂದದ್ದಕ್ಕೆ ನೀವು ಹೀಗೆ ಬರೆಯಬಾರದಿತ್ತು. ನಿಮ್ಮ ಮಗನಿಗೆ ಆದದ್ದು ಎಲ್ಲರ ಮಗನಿಗೂ ಆಗಲೆಂದು ನಿಮಗೆ ಅನಿಸಿತೋ ಏನೋ. ದೇವರು ನನಗೆ ಕೊಟ್ಟದ್ದನ್ನು ನಾನು ಯಾವ ಪರೀಕ್ಷೆಗೂ ಕೊಂಡುಹೋಗುವುದಿಲ್ಲ.

ಸೀಮಂತಕ್ಕೆ ನೀವು ಬರುವುದು ಬೇಡ. ಅಷ್ಟು ದೂರದಿಂದ ತೊಂದರೆ ಯಾಕೆ.

ಹರಿಣಾಕ್ಷಿ


ಪುಣೆ
23 ಜೂನ್ 1996

ಪ್ರೀತಿಯ ಹರಿಣಾಕ್ಷಿಗೆ,

ಗಂಡು ಮಗುವೆಂದು ಅಮ್ಮ ತಿಳಿಸಿದಳು. ಪ್ರಖ್ಯಾತ ಎಂದು ಹೆಸರಿಟ್ಟಿರಂತೆ. ಒಳ್ಳೆಯ ಹೆಸರು. ಒಂದು ಬೆಳ್ಳಿಯ ಸೊಂಟದ ನೂಲು ಮಾಡಿಸಿ ಇಟ್ಟಿದ್ದೇನೆ. ಊರಿಗೆ ಹೋಗುವವರು ಸಿಕ್ಕಿದರೆ ಕಳಿಸುತ್ತೇನೆ. ಬೇಡವಾದರೆ ಅಮ್ಮನ ಹತ್ತಿರ ಇರಲಿ.

ನನ್ನ ಕಾಗದವನ್ನು ಬೇರೆಯವರು ಓದುತ್ತಾರೆಂದು ನಾನು ಯೋಚಿಸಬೇಕಿತ್ತು. ಇನ್ನು ಆ ಮಾತು ಎತ್ತುವುದಿಲ್ಲ. ನೀನು ಉತ್ತರ ಬರೆಯದಿದ್ದರೂ ನಡೆಯುತ್ತದೆ.

ನನಗೀಗ ವ್ಯಾನು ಪೂರ್ತಿ ಕೈಗೆ ಬಂದಿದೆ. ಒಳಗಿನ ಕನ್ನಡಿಯನ್ನು ರಸ್ತೆಗೆ ಇಡುವುದಿಲ್ಲ, ಸುಹಾಸನ ಮುಖಕ್ಕೆ ಇಡುತ್ತೇನೆ. ಹಿಂದೆ ಬರುವ ಗಾಡಿಗಳನ್ನು ಪಕ್ಕದ ಕನ್ನಡಿಯಲ್ಲೇ ನೋಡಿಕೊಳ್ಳುತ್ತೇನೆ. ಧರ್ಮರಾಜರು ನೋಡಿ ಬೈದರು, “ಅಕ್ಕಾರ, ಇದು ಭಾಳ ತಪ್ಪರಿ” ಎಂದರು. ಆಮೇಲೆ ಹಿಂದೆ ತಿರುಗಿ ಹುಡುಗನನ್ನು ನೋಡಿದರು. ಕನ್ನಡಿಯನ್ನು ಮುಟ್ಟಲಿಲ್ಲ.

ಪ್ರೇಮಕ್ಕ


ಪುಣೆ
9 ಆಗಸ್ಟ್ 1998

ಪ್ರೀತಿಯ ಹರಿಣಾಕ್ಷಿಗೆ,

ಎರಡು ವರ್ಷದಿಂದ ಹಬ್ಬಕ್ಕೊಂದು ಕಾಗದ ಹಾಕುತ್ತಿದ್ದೇನೆ. ನಿನ್ನಿಂದ ಒಂದೂ ಬಂದಿಲ್ಲ. ಆದರೂ ಇದನ್ನು ಬೇರೆ ಯಾರಿಗೆ ಬರೆಯಲಿ?

ಮೊನ್ನೆ ಸುಹಾಸನನ್ನು ಶಾಲೆಯಿಂದ ಕರೆತರುವಾಗ ಇಲ್ಲಿ ವಿಪರೀತ ಮಳೆ. ಮನೆಯೆದುರು ವ್ಯಾನು ನಿಲ್ಲಿಸಿದರೆ ಎಳೆಯುವ ಬಾಗಿಲು ಸಿಕ್ಕಿಹಾಕಿಕೊಂಡಿತು. ಎಷ್ಟು ಜಗ್ಗಿದರೂ ಬರಲಿಲ್ಲ. ಮುಂದಿನ ಬಾಗಿಲಿನಿಂದ ಎತ್ತಿ ಇಳಿಸುವ ಎಂದರೆ ಅವನಿಗೀಗ ಹದಿನಾಲ್ಕು, ನನ್ನಷ್ಟೇ ಭಾರ. ಅರ್ಧ ಎತ್ತಿದೆ. ನನ್ನ ಬೆನ್ನು ಹಿಡಿಯಿತು. ಅವನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಲು ಹೋಗಿ ಇಬ್ಬರೂ ಸೀಟುಗಳ ನಡುವೆ ಬಿದ್ದೆವು. ಅವನ ತಲೆ ನನ್ನ ಎದೆಯ ಮೇಲೆ. ಮಳೆಯ ಶಬ್ದದಲ್ಲಿ ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ.

“ಅಮ್ಮಾ, ಬಿಡು, ಹೀಗೇ ಇರುವ” ಎಂದ. ಸ್ವಲ್ಪ ಹೊತ್ತಿಗೆ ಕೇಳಿದ, “ನಾನು ಇನ್ನೂ ದೊಡ್ಡ ಆದರೆ ನೀನು ಏನು ಮಾಡುತ್ತಿ?”

“ಇನ್ನೂ ದೊಡ್ಡ ವ್ಯಾನು ತರುವ” ಎಂದೆ.

“ಅದಕ್ಕಿಂತ ದೊಡ್ಡ ಆದರೆ?”

“ಬಸ್ಸು.”

ಅವನು ನಕ್ಕ. ಆಮೇಲೆ, “ಅಷ್ಟು ದೊಡ್ಡ ಆಗುವುದಿಲ್ಲ, ನಾನು ಓದಿದ್ದೇನೆ” ಎಂದ. ಶಾಲೆಯ ಲೈಬ್ರರಿಯಲ್ಲಿ ಯಾವುದೋ ಪುಸ್ತಕದಲ್ಲಿ ಅವನ ಕಾಯಿಲೆಯ ಹೆಸರು ಸಿಕ್ಕಿತಂತೆ. ಹೋದ ವರ್ಷವೇ ಓದಿದ್ದನಂತೆ. ನಮಗೆ ಬೇಜಾರಾಗುತ್ತದೆಂದು ಹೇಳಲಿಲ್ಲವಂತೆ. ನೋಡು ಹರಿಣಾಕ್ಷಿ, ನಾವು ಅವನಿಂದ ಮುಚ್ಚಿಟ್ಟೆವು, ಅವನು ನಮ್ಮಿಂದ ಮುಚ್ಚಿಟ್ಟ. ಹಾಗೆ ಇಡೀ ವರ್ಷ ಒಂದೇ ಮನೆಯಲ್ಲಿ ಚಪಾತಿ ತಿಂದೆವು.

ಕಡೆಗೆ ಧರ್ಮರಾಜರ ಹೆಂಡತಿ ಅಂಬಾಬಾಯಿ ಗೋಣಿಚೀಲ ಹೊದ್ದುಕೊಂಡು ಆ ಕಡೆ ಬಂದವರು ವ್ಯಾನಿನೊಳಗೆ ನಮ್ಮ ಕಾಲುಗಳನ್ನು ಕಂಡರು. “ಅಯ್ಯ ನಮ್ಮವ್ವಾ, ಹಿಂಗ ಯಾಕ ಬಿದ್ದೀರಿ!” ಎಂದು ಕೂಗಿ ಜನ ಸೇರಿಸಿದರು. ನಾಲ್ವರು ಸೇರಿ ಬಾಗಿಲು ಕಿತ್ತರು. ನಿನ್ನ ಭಾವ ಹೋಟೆಲಿನಿಂದ ಬಂದು ವಿಷಯ ಕೇಳಿದವರು ಊಟ ಮಾಡಲಿಲ್ಲ. ಬಾಗಿಲಿನ ಹಳಿಗೆ ತಾವೇ ಗ್ರೀಸು ಹಚ್ಚುತ್ತಾ ಕುಳಿತರು. ಹಚ್ಚಿದ ಜಾಗಕ್ಕೇ ಮತ್ತೆ ಹಚ್ಚುತ್ತಿದ್ದರು.

ಪ್ರಖ್ಯಾತನಿಗೆ ನನ್ನ ಮುತ್ತು ಕೊಡು.

ಪ್ರೇಮಕ್ಕ


ಶಿರ್ವ
10 ಮಾರ್ಚ್ 2000

ಪ್ರೇಮಾವತಿ ಅಕ್ಕನವರಿಗೆ,

ಅಮ್ಮನ ಉತ್ತರಕ್ರಿಯೆಗೆ ನೀವು ಬಂದು ಹೋಗಿ ಮೂರು ವಾರವಾಯಿತು. ಸುಹಾಸನನ್ನು ಅಂಬಾಬಾಯಿಯ ಕೈಗೆ ಬಿಟ್ಟು ಬಸ್ಸಿನಲ್ಲಿ ಬಂದಿರಿ, ಒಂದು ದಿನವೂ ಪೂರ್ತಿ ನಿಲ್ಲಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ. ನಿಮ್ಮ ಕಷ್ಟ ನಿಮಗೆ. ನಾವಿಬ್ಬರೂ ಅಮ್ಮನ ಫೋಟೋದ ಎದುರು ಕುಳಿತಾಗ ನೀವು ನನ್ನ ಕೈ ಹಿಡಿದುಕೊಂಡಿರಿ. ನಾನು ಬಿಡಿಸಿಕೊಳ್ಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಇದ್ದಿದ್ದರೆ ನಾನು ಏನಾದರೂ ಮಾತಾಡುತ್ತಿದ್ದೆನೇನೋ.

ಆದರೆ ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಾ ಬಂದ ನೀವು ಪ್ರಖ್ಯಾತನ ಎದುರು ನಿಂತುಬಿಟ್ಟಿರಿ. ಅವನು ಎಲೆಯ ಮುಂದಿನಿಂದ ಏಳುತ್ತಿದ್ದ. ತೊಡೆಗೆ ಕೈಯೂರಿ ಎದ್ದ, ಅಷ್ಟೆ. ಸೌಟಿನಿಂದ ಪಾಯಸ ನೆಲಕ್ಕೆ ಸುರಿಯುತ್ತಿದ್ದದ್ದು ನಿಮಗೆ ಗೊತ್ತಾಗಲಿಲ್ಲ. ಎಲ್ಲರೂ ನೋಡಿದರು. ಅತ್ತೆಯೂ ನೋಡಿದರು.

ನನ್ನ ಮಗ ಚೆನ್ನಾಗಿದ್ದಾನೆ. ಮೀನಖಂಡ ನೋಡಿದರೆ ಪೈಲ್ವಾನನ ಹಾಗೆ ದಪ್ಪ ಉಂಟು. ಮೆಟ್ಟಿಲು ಹತ್ತುವಾಗ ಉದಾಸೀನ ಮಾಡುತ್ತಾನೆ, ಅದು ಅಜ್ಜಿಯ ಮುದ್ದು. ನೀವು ಹೋದ ಮೇಲೆ ಉಪ್ಪು ಮೆಣಸು ಸುಳಿದು ದೃಷ್ಟಿ ತೆಗೆದೆ.

ನೀವು ಏನು ನೋಡಿದಿರಿ? ಬರೆಯಿರಿ. ಕಾಗದವನ್ನು ಮನೆಗೆ ಹಾಕಬೇಡಿ. ನಾನು ಈಗ ಇಲ್ಲಿನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತೇನೆ, ಶಾಲೆಯ ವಿಳಾಸಕ್ಕೆ ಹಾಕಿ.

ಹರಿಣಾಕ್ಷಿ


ಪುಣೆ
19 ಮಾರ್ಚ್ 2000

ಪ್ರೀತಿಯ ಹರಿಣಾಕ್ಷಿಗೆ,

ನಾನು ಏನೂ ನೋಡಲಿಲ್ಲ. ಬಸ್ಸಿನಲ್ಲಿ ನಿದ್ದೆಯಿಲ್ಲದೆ ತಲೆ ತಿರುಗುತ್ತಿತ್ತು. ಮಕ್ಕಳು ಹಾಗೆಯೇ ಏಳುತ್ತಾರೆ. ಭವ್ಯಶ್ರೀಯೂ ಆ ವಯಸ್ಸಿನಲ್ಲಿ ಹಾಗೆಯೇ ಏಳುತ್ತಿದ್ದಳು.

ನೀನು ಧೈರ್ಯದಿಂದ ಇರು.

ಪ್ರೇಮಕ್ಕ


ಪುಣೆ
2 ಸೆಪ್ಟೆಂಬರ್ 2003

ಪ್ರೀತಿಯ ಹರಿಣಾಕ್ಷಿಗೆ,

ಸುಹಾಸ ತೀರಿಕೊಂಡ ಸುದ್ದಿ ನಿನಗೆ ಫೋನಿನಲ್ಲಿ ಮುಟ್ಟಿತೆಂದು ಭುಜಂಗರು ಹೇಳಿದರು. ನೀವು ಬರಲಿಲ್ಲವೆಂದು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮನೆಗೆ ಬಂದವರೆಲ್ಲ “ಅವನಿಗೆ ಬಿಡುಗಡೆಯಾಯಿತು, ನಿಮಗೂ ಆಯಿತು” ಎನ್ನುತ್ತಾರೆ. ಅವರಿಗೆ ಚಹಾ ಮಾಡಿ ಕೊಟ್ಟು ಕೊಟ್ಟು ಸಾಕಾಗಿದೆ.

ಜುಲೈಯಲ್ಲಿ ಶೀತವಾಯಿತು. ಕಫ ಉಗುಳಲು ಅವನಿಗೆ ಎದೆಯಲ್ಲಿ ಬಲವಿಲ್ಲ. ಒಂದು ಬೆಳಿಗ್ಗೆ ತುಟಿ ನೀಲಿಯಾಗಿತ್ತು. ಆಂಬುಲೆನ್ಸಿಗೆ ಫೋನು ಮಾಡಿ ಕಾಯುವಷ್ಟು ತಾಳ್ಮೆ ನನಗಿರಲಿಲ್ಲ, ವ್ಯಾನು ತೆಗೆದೆ. ನಿನ್ನ ಭಾವ ಹಿಂದೆ ಹತ್ತಿ ಅವನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ತಲೆ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಅವರು ಆ ವ್ಯಾನಿನ ಹಿಂಭಾಗಕ್ಕೆ ಹತ್ತಿದ್ದು ಅದೇ ಮೊದಲು.

ನಿನಗೆ ಒಂದು ವಿಷಯ ಬರೆದಿರಲಿಲ್ಲ. ಸುಹಾಸ ಎಂಜಿನ್ನಿನ ಸದ್ದು ಕೇಳಿಯೇ ಗೇರು ಹೇಳುತ್ತಿದ್ದ. ಕಾತ್ರಜದ ಏರಿನಲ್ಲಿ ನಾನು ತಡ ಮಾಡಿದರೆ “ಅಮ್ಮಾ, ಸೆಕೆಂಡು” ಎನ್ನುತ್ತಿದ್ದ. ನಾನು ಕೈಕಾಲು, ಅವನು ಡ್ರೈವರು. ಕೈಬೆರಳು ಮಾತ್ರ ಆಡುತ್ತಿದ್ದ ದಿನಗಳಲ್ಲೂ ಹಾಗೆಯೇ ಈ ಊರನ್ನೆಲ್ಲ ಓಡಿಸಿದ. ಆ ಬೆಳಿಗ್ಗೆ ಅವನು ಏನೂ ಹೇಳಲಿಲ್ಲ. ನಾನು ಇಡೀ ದಾರಿ ಎರಡನೆಯ ಗೇರಿನಲ್ಲೇ ಹೋದೆನಂತೆ. ಎಂಜಿನ್ನು ಕಿರಿಚುತ್ತಿತ್ತಂತೆ. ನನಗೆ ಕೇಳಿದ್ದು ಅವನ ಉಸಿರು ಮಾತ್ರ.

ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದ. ಒಂದು ಮಧ್ಯಾಹ್ನ ನಾನು ಅವನ ತಲೆ ಬಾಚುತ್ತಿದ್ದೆ. ಕಣ್ಣು ತೆರೆದು ನನ್ನನ್ನು ನೋಡಿ ನಕ್ಕ ಹಾಗೆ ಮಾಡಿದ. ಬೈತಲೆ ತೆಗೆದು ಮುಗಿಸುವುದರೊಳಗೆ ಇರಲಿಲ್ಲ.

ವ್ಯಾನು ಮನೆಯೆದುರು ನಿಂತಿದೆ. ಹೋದ ವಾರ ಭವ್ಯಶ್ರೀಯನ್ನು ಕ್ಲಾಸಿಗೆ ಬಿಡಲು ಹೊರಟೆ. ಹಿಂದೆ ಭಾರ ಇಲ್ಲದೆ ಅದು ಪ್ರತಿ ಉಬ್ಬಿಗೂ ನೆಗೆಯುತ್ತದೆ, ಬ್ರೇಕು ಒತ್ತಿದರೆ ಬೇರೆಯೇ ಗಾಡಿಯ ಹಾಗೆ ನಿಲ್ಲುತ್ತದೆ. ಎಂಟು ವರ್ಷ ಓಡಿಸಿದ ನನಗೇ ಅದರ ಗುರುತು ಸಿಗಲಿಲ್ಲ. ತಿರುವಿನಲ್ಲಿ ಗೋಡೆಗೆ ತಾಗಿಸಿದೆ. ಭವ್ಯಶ್ರೀ ಕನ್ನಡಿಯನ್ನು ರಸ್ತೆಯ ಕಡೆಗೆ ತಿರುಗಿಸಿದಳು. ನಾನು ಅವಳ ಕೈಗೆ ಹೊಡೆದೆ. ಅವಳು ಅಳಲಿಲ್ಲ. “ಅಮ್ಮಾ, ನನ್ನಲ್ಲೂ ಅದು ಉಂಟಾ? ನನಗೆ ಗಂಡು ಹುಟ್ಟಿದರೆ?” ಎಂದು ಕೇಳಿದಳು. ಅವಳಿಗಿನ್ನೂ ಹದಿನೈದು. ರಸ್ತೆಯ ನಡುವೆ ನಿಂತಿದ್ದೆವು, ಹಿಂದೆ ಹಾರ್ನಿನ ಮೇಲೆ ಹಾರ್ನು. ನಾನು ಗೇರು ಹಾಕಿ ಹೊರಟೆ. ಅಲ್ಲಿಂದ ಮೇಲೆ ವ್ಯಾನು ಮುಟ್ಟಿಲ್ಲ.

ಪ್ರೇಮಕ್ಕ


ಶಿರ್ವ
21 ಸೆಪ್ಟೆಂಬರ್ 2003

ಅಕ್ಕಾ,

ನಿನ್ನ ಕಾಗದವನ್ನು ಶಾಲೆಯ ಜಗಲಿಯಲ್ಲಿ ಕುಳಿತು ಓದಿದೆ. ಮಕ್ಕಳು ಮನೆಗೆ ಹೋಗಿದ್ದರು. ಪ್ರಖ್ಯಾತ ಎದುರಿಗೆ ಅಂಗಳದಲ್ಲಿ ಆಡುತ್ತಿದ್ದ.

ಸುಹಾಸನ ಸುದ್ದಿ ಬಂದಾಗ ನಾನು ಬರದೇ ಇದ್ದದ್ದು ಸಿಟ್ಟಿನಿಂದಲ್ಲ. ಆ ವಾರವೇ ದೊಡ್ಡಾಸ್ಪತ್ರೆಯಲ್ಲಿ ಪ್ರಖ್ಯಾತನ ರಕ್ತ ತೆಗೆದಿದ್ದರು. ನಾನು ಅಲ್ಲಿಗೆ ಬಂದು ಸುಹಾಸನನ್ನು ಮಲಗಿಸಿದ್ದು ನೋಡಿ, ಹಿಂದೆ ಬಂದು ಆ ಪರೀಕ್ಷೆಯ ಚೀಟಿ ತೆಗೆದುಕೊಳ್ಳುವುದು ನನ್ನಿಂದಾಗುತ್ತಿರಲಿಲ್ಲ. ಚೀಟಿ ಬಂತು. ಅದೇ ಅಕ್ಕ. ನೀನು ಬರೆದಿದ್ದದ್ದೇ.

ಅವನಿಗೆ ಏಳು ವರ್ಷ. ದಿನಾ ಬೀಳುತ್ತಾನೆ. ಅತ್ತೆ ಮಾತು ಬಿಟ್ಟಿದ್ದಾರೆ. ಇವರು ಗದ್ದೆಗೆ ಹೋಗುತ್ತಾರೆ, ಬರುತ್ತಾರೆ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಡಿನ ಕಡೆ ಹೋಗುತ್ತಾರೆ. ನನ್ನ ಹತ್ತಿರ ಏನೂ ಹೇಳುವುದಿಲ್ಲ. ರಕ್ತ ನನ್ನದು ತಾನೇ.

ಅಮ್ಮನ ಉತ್ತರಕ್ರಿಯೆಯ ದಿನ ನೀನು ನೋಡಿದ್ದೆ. ನೋಡಿಯೂ ನೋಡಲಿಲ್ಲವೆಂದು ಬರೆದೆ. ಅದು ಸುಳ್ಳೆಂದು ಓದುವಾಗಲೇ ನನಗೆ ಗೊತ್ತಾಗಿತ್ತು. ಆದರೂ ಆ ಕಾಗದವನ್ನು ನಂಬಿ ಮೂರು ವರ್ಷ ನಿದ್ದೆ ಮಾಡಿದೆ. ಮೊದಲ ಸಲ ನೀನು ನಿಜ ಬರೆದಾಗ ನಿನ್ನನ್ನು ಬೈದವಳು, ಸುಳ್ಳು ಬರೆದಾಗ ಅಪ್ಪಿಕೊಳ್ಳಬೇಕು ಅನಿಸಿದವಳು. ನಿನಗೆ ಇಂಥ ತಂಗಿ ಸಿಕ್ಕಿದಳು, ಏನು ಮಾಡುತ್ತಿ?

ಈಗ ನಿಜ ಬರೆ. ಡಾಕ್ಟರು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನೀನು ಹೇಳು, ಒಂದೊಂದೇ ವರ್ಷದ್ದು ಹೇಳು. ಯಾವಾಗ ಕಾಲು ನಿಲ್ಲುತ್ತದೆ, ಯಾವಾಗ ಕೈ, ಆಮೇಲೆ ಏನು. ಏನೂ ಮುಚ್ಚಿಡಬೇಡ. ಫೋನು ಮಾಡಬೇಡ, ಫೋನಿರುವ ಚಾವಡಿಯಲ್ಲಿ ಅತ್ತೆ ಕುಳಿತಿರುತ್ತಾರೆ.

ನಿನ್ನ
ಹರಿಣಾಕ್ಷಿ


ಪುಣೆ
5 ಅಕ್ಟೋಬರ್ 2003

ಹರಿಣಾಕ್ಷೀ, ನನ್ನ ಮಗೂ,

ನಿನ್ನ ಕಾಗದವನ್ನು ನಿನ್ನ ಭಾವನಿಗೂ ಕೊಟ್ಟೆ. ಅವರು ಓದಿ ಎದ್ದು ಹೊರಗೆ ಹೋಗಿ ವ್ಯಾನಿನ ಟಯರುಗಳನ್ನು ಒತ್ತಿ ನೋಡಿದರು. “ಇದನ್ನು ಶಿರ್ವಕ್ಕೆ ಕಳಿಸುವ. ಧರ್ಮರಾಜ ಓಡಿಸಿಕೊಂಡು ಹೋಗಿ ಬಿಟ್ಟು ಬರುತ್ತಾನೆ” ಎಂದರು. ನಾನು ಬೇಡವೆಂದೆ. ಅವರಿಗೆ ಸಿಟ್ಟು ಬಂತು. “ನಿನಗೆ ಅದರ ಮೇಲೆ ಅಷ್ಟು ಆಸೆಯಾ?” ಎಂದರು.

ಆಸೆಯಲ್ಲ. ಪ್ರಖ್ಯಾತ ಇನ್ನೂ ನಡೆಯುತ್ತಾನೆ. ಇವತ್ತೇ ಆ ವ್ಯಾನು ನಿನ್ನ ಅಂಗಳಕ್ಕೆ ಬಂದು ನಿಂತರೆ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೀನು ಅದನ್ನು ನೋಡುತ್ತಿ. ಅವನು ತೋಡಿನಿಂದ ಅಪ್ಪನ ಹೆಗಲ ಮೇಲೆ ಬರುವಾಗ ಅವನೂ ಅದನ್ನು ನೋಡುತ್ತಾನೆ. ಬೇಡ. ನೀನು ನೋಡುವುದಕ್ಕೆ ಬೇರೆ ಉಂಟು.

ಒಂದೊಂದೇ ವರ್ಷದ್ದು ಬರೆ ಎಂದಿದ್ದಿ. ನಾನು ಬರೆಯುವುದಿಲ್ಲ. ಸುಳ್ಳೂ ಬರೆಯುವುದಿಲ್ಲ, ಇನ್ನು ಆ ಶಕ್ತಿ ನನಗಿಲ್ಲ. ಈ ವರ್ಷದ್ದನ್ನು ಮಾತ್ರ ಹೇಳುತ್ತೇನೆ. ಬರುವ ವರ್ಷ ಕೇಳು, ಆಗ ಅದರದ್ದನ್ನು ಹೇಳುತ್ತೇನೆ.

ಈ ವರ್ಷ ಅವನು ಹೆಚ್ಚು ಬೀಳುತ್ತಾನೆ. ಸೋಮಾರಿ ಎಂದು ಬೈಯಲು ಯಾರನ್ನೂ ಬಿಡಬೇಡ. ಬಲವಂತದಿಂದ ನಡೆಸಬೇಡ, ನಾನು ನಡೆಸಿ ತಪ್ಪು ಮಾಡಿದೆ. ಸಂಜೆ ಕಾಲು ಸೆಳೆದರೆ ಬಿಸಿನೀರಿನ ಬಟ್ಟೆ ಇಡು, ಹಿತವಾಗುತ್ತದೆ. ಮೆಟ್ಟಿಲಿಗೆ ಅವನ ಎತ್ತರಕ್ಕೆ ಸರಿಯಾಗಿ ಒಂದು ಬಿದಿರು ಕಟ್ಟಿಸು. ಶಾಲೆಯಲ್ಲಿ ನಿನ್ನ ಕಣ್ಣೆದುರು ಇರುತ್ತಾನಲ್ಲ, ಅದು ದೊಡ್ಡದು. ಭುಜಂಗರು ಮಾತಾಡದಿದ್ದರೆ ಬಿಡು. ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರಲ್ಲ, ನಮ್ಮ ಮನೆಯಲ್ಲಿ ಅದೂ ಇರಲಿಲ್ಲ.

ರಕ್ತ ನಿನ್ನದಲ್ಲ. ಅಮ್ಮನದ್ದು, ಅವಳ ಅಮ್ಮನದ್ದು, ನನ್ನದು, ಬಹುಶಃ ಭವ್ಯಶ್ರೀಯದ್ದು. ಯಾರೂ ಕೇಳಿ ತಂದದ್ದಲ್ಲ. ಇದನ್ನು ಅವಳಿಗೂ ಹೇಳಿದೆ, ಮೊನ್ನೆ, ಅವಳ ತಲೆಗೆ ಎಣ್ಣೆ ಹಚ್ಚುತ್ತಾ. ಅವಳು “ಸರಿ ಅಮ್ಮ” ಎಂದಳು. ನಂಬಿದಳೋ ಇಲ್ಲವೋ ತಿಳಿಯದು.

ಇನ್ನೊಂದೇ ಮಾತು. ಅವನು ಬಿದ್ದ ಕೂಡಲೇ ಓಡಿ ಹೋಗಿ ಎತ್ತಬೇಡ. ಸ್ವಲ್ಪ ಕಾದು ನೋಡು. ಅವನು ಮೊದಲು ಕವುಚಿಕೊಳ್ಳುತ್ತಾನೆ, ಕೈಯೂರುತ್ತಾನೆ, ಸೊಂಟ ಎತ್ತುತ್ತಾನೆ, ಮೊಣಕಾಲು ಹಿಡಿದು, ತೊಡೆ ಹಿಡಿದು, ತನ್ನ ಮೈಯನ್ನೇ ಮೆಟ್ಟಿಲು ಮಾಡಿಕೊಂಡು ಎದ್ದು ನಿಲ್ಲುತ್ತಾನೆ. ಅದನ್ನು ನೋಡು. ಸುಹಾಸ ಕೊನೆಯ ಸಲ ಹೀಗೆ ನೆಲದಿಂದ ತಾನಾಗಿ ಎದ್ದದ್ದು ಯಾವ ದಿನವೆಂದು ನನಗೆ ಗೊತ್ತಿಲ್ಲ. ಎಷ್ಟು ನೆನಪು ಮಾಡಿಕೊಂಡರೂ ಸಿಗುವುದಿಲ್ಲ. ನಾನು ಒಳಗೆ ಏನೋ ಕೆಲಸದಲ್ಲಿದ್ದೆ.

ನಿನ್ನ
ಪ್ರೇಮಕ್ಕ